ಒಂಟಿ ವರಸೆ

ಎಲ್ಲಕ್ಕೂ ಮೂಲ, ಮಾಲೂರಿನ ಆ ಮಹಡಿ ಮನೆಯಲ್ಲಿ ಖಾಲಿ ಬಿದ್ದ ಒಂದು ಕುರ್ಚಿ.

ಮಹಡಿಯಲ್ಲಿ ಬಾಡಿಗೆಗಿದ್ದ ಮೇಘನ ಭಾನುವಾರಗಳಂದು ಗೆಳೆಯರನ್ನು ಸೇರಿಸಿ ಒಂದು ಆಟ ಆಡಿಸುತ್ತಿದ್ದಳು. ಅವಳು ಕತೆ ಹೇಳುತ್ತಾಳೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕತೆಯೊಳಗೆ ಹೋಗುತ್ತಾರೆ. ಯಾರ ಏಟು ಬಿತ್ತು, ಯಾರದು ತಪ್ಪಿತು ಎಂಬುದನ್ನು ದಾಳ ಹೇಳುತ್ತದೆ. ಆಡುತ್ತಿದ್ದ ಪವಿತ್ರ ಮದುವೆಯಾಗಿ ಹೊರಟುಹೋದಳು. "ಈ ಭಾನುವಾರ ಬಂದು ನೋಡಿ ಆಂಟಿ. ಸರಿಹೋದ್ರೆ ಆ ಜಾಗ ನಿಮ್ದೇ," ಎಂದಿದ್ದಳು ಮೇಘನ, ಕೆಳಗಿನ ಮನೆಯ ಸುನಂದಳಿಗೆ.

ಸುನಂದಳಿಗೆ ವೇಮಗಲ್ಲಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಮದುವೆ ಕೂಡಿಬರಲಿಲ್ಲ, ಯಾಕೆ ಎಂದು ಕೇಳುತ್ತಿದ್ದವರೂ ಈಗ ಸುಸ್ತಾಗಿ ಸುಮ್ಮನಾಗಿದ್ದರು. ಶನಿವಾರ ಆಫೀಸಿನಿಂದ ಹೊರಡುವಾಗ ಆಡಿದ ಮಾತೇ ಸೋಮವಾರದವರೆಗೆ ಅವಳ ಕೊನೆಯ ಮಾತು. ಭಾನುವಾರವಿಡೀ ಅವಳ ಬಾಯಿ ಬತ್ತಿದ ಕೆರೆಯ ತೂಬಿನಂತೆ ಮುಚ್ಚಿಕೊಂಡೇ ಇರುತ್ತಿತ್ತು. ಆ ಕುರ್ಚಿ ಅವಳಿಗೆ ಬೇಕೇ ಬೇಕಿತ್ತು.

ಮೇಘನ ಕೊಟ್ಟ ಪುಸ್ತಕ ನೋಡಿ ಅವಳು ಕಳ್ಳಿಯ ಪಾತ್ರ ಆರಿಸಿಕೊಂಡಳು. ಕಳ್ಳಿಯರಲ್ಲೂ ಬಗೆಗಳಿದ್ದವು: ಬೀಗ ಮುರಿಯುವವಳು, ವೇಷ ಹಾಕುವವಳು. ಸುನಂದಳ ಕಣ್ಣು ನಿಂತದ್ದು 'ಒಂಟಿ ವರಸೆ'ಯವಳ ಮೇಲೆ. ಎದುರಿಗೆ ವೈರಿ ಒಬ್ಬನೇ ಇದ್ದು, ಸುತ್ತ ಒಂದು ಮಾರಿನೊಳಗೆ ಬೇರೆ ಯಾರೂ ಇಲ್ಲದಿದ್ದರೆ ಇವಳ ಕತ್ತಿಯ ಏಟು ಇಮ್ಮಡಿ. ಪಕ್ಕಕ್ಕೆ ಯಾರಾದರೂ ಬಂದರೋ, ಆ ಬಲ ಹೋಯಿತು. ಅಭ್ಯಾಸವೇ ಬೇಡದ ವಿದ್ಯೆ ಇದೊಂದೇ ಎನ್ನಿಸಿತು ಅವಳಿಗೆ.

ಭಾನುವಾರ ಚಕ್ಕುಲಿ ಡಬ್ಬಿ ಹಿಡಿದು ಮೆಟ್ಟಿಲು ಹತ್ತುವಾಗ ಮನೆಯೊಡತಿ ಭಾರತಮ್ಮ ಅಡ್ಡ ಬಂದರು.

"ಏಮ್ಮಾ ಸುನಂದ, ಒಬ್ಳೇ ಎಲ್ಲಿಗೆ?"

ಸುನಂದ ಹೇಳಿದಳು. ಹೆಣ್ಣುಮಗಳು ಹಿತ್ತಿಲಿಗೆ ಹೊರಟರೂ ಜೊತೆಗೊಬ್ಬರು ಹೋಗಬೇಕೆನ್ನುವ ಪದ್ಧತಿಯಲ್ಲಿ ಬೆಳೆದವರು ಭಾರತಮ್ಮ. ತಾವೂ ಮೆಟ್ಟಿಲು ಹತ್ತಿದರು. ಹಿಂದೆಯೇ ಪೇಪರು ಮಡಚಿಕೊಂಡು ಅವರ ಯಜಮಾನರು ಕೋದಂಡರಾಮಪ್ಪ.

ಮೇಜಿನ ಮೇಲೆ ಚೌಕ ಚೌಕ ಗೀಚಿದ ಹಾಳೆ; ಅದೇ ಕತೆಯ ಗುಹೆ. ಅದರ ನಡುವೆ ಹೆಬ್ಬೆರಳು ಗಾತ್ರದ ಕಲ್ಲಿನ ರಾಕ್ಷಸ. ಕೆತ್ತಿದವನು ಮೇಘನಳ ಗೆಳೆಯ, ಶಿವಾರಪಟ್ಟಣದ ಶಿವಶಂಕರ್. ತಲೆತಲಾಂತರದಿಂದ ದೇವರನ್ನೇ ಕೆತ್ತಿದ ಮನೆತನದ ಕೈ; ರಾಕ್ಷಸನ ಮುಖದಲ್ಲೂ ವರ ಕೊಡುವ ಕಳೆ ಬಂದುಬಿಟ್ಟಿತ್ತು. ಭಾರತಮ್ಮ ಗಲ್ಲ ಬಡಿದುಕೊಂಡು ಕೈಮುಗಿದರು. ಅದು ರಾಕ್ಷಸ ಎಂದು ತಿಳಿದ ಮೇಲೆ, ಅದರೆದುರು ಒಂಟಿಯಾಗಿ ನಿಂತ ಹುಣಸೆಬೀಜ ಯಾರೆಂದು ಕೇಳಿದರು. ಅದು ಸುನಂದ ಆಂಟಿಯ ಕಳ್ಳಿ ಎಂದಳು ಮೇಘನ.

ಭಾರತಮ್ಮ ಶಿವಶಂಕರನ ಕಡೆ ತಿರುಗಿದರು. "ಹೆಣ್ಮಗಳನ್ನ ಒಬ್ಳನ್ನೇ ಗುಹೆಗೆ ಕಳಿಸ್ತೀಯೇನೋ? ನಿಂಗೂ ಅಕ್ಕ ತಂಗೀರು ಇದಾರೆ ತಾನೇ?"

ಶಿವಶಂಕರ್ ನಾಚಿಕೊಂಡು ತನ್ನ ಪಾತ್ರವಾದ ಸಿಪಾಯಿಯ ಬೀಜವನ್ನು ತಂದು ಕಳ್ಳಿಯ ಪಕ್ಕ ನಿಲ್ಲಿಸಿದ. ಬಲ ಹೋಯಿತು. ಸುನಂದಳ ಏಟು ತಪ್ಪಿತು, ರಾಕ್ಷಸನದು ಬಿತ್ತು.

ಜೊತೆ ಸಾಲದು ಎಂದು ತೀರ್ಮಾನಿಸಿದ ಭಾರತಮ್ಮ ತಾವೂ ಒಂದು ಹುಣಸೆಬೀಜವಾಗಿ ಇನ್ನೊಂದು ಪಕ್ಕಕ್ಕೆ ಬಂದರು. ಹೆಂಡತಿ ಹೋದಲ್ಲಿಗೆ ಕೋದಂಡರಾಮಪ್ಪನ ಬೀಜವೂ ಬಂತು. ಸಂತೆ ದಿನದ ಬಸ್ಸಿನಂತಾಯಿತು ಗುಹೆ. ನಿಯಮ ಹೀಗಿದೆ ಎಂದು ಸುನಂದ ಮೆಲ್ಲಗೆ ಹೇಳಿ ನೋಡಿದಳು. "ಎಂಥಾ ನಿಯಮ ಬಿಡಮ್ಮ, ನಾವಿಲ್ವಾ?" ಎಂದರು ಭಾರತಮ್ಮ. ಮತ್ತೆ ಏಟು ತಪ್ಪಿತು. ಇನ್ನೊಂದು ಪೆಟ್ಟು ಬಿದ್ದರೆ ಕಳ್ಳಿ ಸತ್ತಂತೆ, ಕುರ್ಚಿಯೂ ಹೋದಂತೆ.

ಸುನಂದ ಎದ್ದು ನಿಂತಳು.

"ದೂರ ಹೋಗಿ, ಎಲ್ಲಾರೂ. ನನ್ನನ್ನ ಒಬ್ಳನ್ನೇ ಬಿಟ್ಬಿಡಿ."

ಆ ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ದೂರ ಹೋಗಿ ಎನ್ನಬೇಕಾದರೆ ಮೊದಲು ಯಾರಾದರೂ ಹತ್ತಿರ ಬಂದಿರಬೇಕಲ್ಲ. ಇಷ್ಟು ವರ್ಷದಲ್ಲಿ ಅದನ್ನು ಹೇಳುವ ಅವಕಾಶವೇ ಸಿಕ್ಕಿರಲಿಲ್ಲ. ಬೀಜಗಳು ಒಂದೊಂದಾಗಿ ಹಿಂದೆ ಸರಿದವು. ಅವಳು ದಾಳ ಉರುಳಿಸಿದಳು. ಏಟು ಇಮ್ಮಡಿಯಾಗಿ ಬಿತ್ತು. ಮೇಘನ ರಾಕ್ಷಸನನ್ನು ಮಕಾಡೆ ಮಲಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾರತಮ್ಮ ಅವಳ ಚಕ್ಕುಲಿಯನ್ನೇ ಮುರಿದು ಅವಳ ಬಾಯಿಗಿಟ್ಟರು. ಕುಕ್ಕರ್ ಇಡಲೆಂದು ಕೆಳಗಿಳಿದು ಬಂದಾಗ, ನಕ್ಕೂ ನಕ್ಕೂ ದವಡೆ ನೋಯುತ್ತಿತ್ತು.

ಹೊತ್ತು ಮುಳುಗುವಾಗ ಮೇಘನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲೊಂದು ತೆಳ್ಳನೆಯ ಪುಸ್ತಕ. ಭಾರತಮ್ಮನವರಿಗೆ ಆಟ ತುಂಬಾ ಹಿಡಿಸಿದೆಯಂತೆ. ಇನ್ನು ಭಾನುವಾರಗಳಂದು ಆ ಕುರ್ಚಿಗೆ ಅವರೇ ಬರುತ್ತಾರಂತೆ, ಯಜಮಾನರು ಮನೆಯಿಂದ ಸ್ಟೂಲು ತರುತ್ತಾರಂತೆ. ಮನೆಯೊಡತಿಗೆ ಇಲ್ಲ ಎನ್ನುವುದು ಹೇಗೆ?

"ಅದೂ ಅಲ್ದೆ ಆಂಟಿ, ಒಬ್ಳನ್ನೇ ಬಿಟ್ಬಿಡಿ ಅಂದ್ರಲ್ಲ, ನಮಗೆಲ್ಲ ಅರ್ಥ ಆಯ್ತು. ನಾವೇ ನಿಮ್ಮನ್ನ ಬಲವಂತ ಮಾಡಿದ್ವಿ. ತಗೊಳ್ಳಿ, ಇದು ಒಬ್ರೇ ಕೂತು ಆಡೋ ಪುಸ್ತಕ. ಯಾರ ಕಾಟಾನೂ ಇರಲ್ಲ."

ಸುನಂದ ಥ್ಯಾಂಕ್ಸ್ ಎಂದಳು. ಪುಸ್ತಕ ತೆಗೆದುಕೊಂಡಳು.

ಬಾಗಿಲು ಹಾಕಿ, ಮೇಲಿನಿಂದ ತನಗೇ ಗೊತ್ತಿಲ್ಲದೆ ತಂದಿದ್ದ ತನ್ನ ಹುಣಸೆಬೀಜವನ್ನು ಊಟದ ಮೇಜಿನ ಮೇಲಿಟ್ಟಳು. ಮೇಲೆ ಮಹಡಿಯಲ್ಲಿ ಆಗಲೇ ಸ್ಟೂಲು ಎಳೆದ ಸದ್ದು, ಭಾರತಮ್ಮನ ನಗು. ಪುಸ್ತಕದ ಮೊದಲ ಪುಟ ತೆರೆದು ಸುತ್ತ ಒಮ್ಮೆ ನೋಡಿದಳು.

ಒಂದು ಮಾರಿನೊಳಗೆ ಯಾರೂ ಇರಲಿಲ್ಲ. ಕಳ್ಳಿಗೆ ಬಲ ಪೂರ್ತಿ ಬಂದಿತ್ತು.