ಒಂದೂವರೆ ಮೀಟರ್ ಹೆಣ್ಣು

ಆನಂದನ ಭಾನುವಾರ ಕೆಟ್ಟದ್ದು ಎರಡು ಗಂಡುಗಳಿಂದ.

ಗಂಡು ಅಂದರೆ ಗಂಡಸರಲ್ಲ, ವೆಲ್ಕ್ರೋ ಪಟ್ಟಿ. ಶಾಲೆಯ ಬ್ಯಾಗಿಗೆ, ಮಕ್ಕಳ ಬೂಟಿಗೆ ಇರುತ್ತದಲ್ಲ, ಕಿತ್ತರೆ ಪರ್ರ್ ಎನ್ನುವುದು, ಅದೇ. ಅದರಲ್ಲಿ ಒರಟು ಮುಳ್ಳಿನ ಪಟ್ಟಿಗೆ ಅಂಗಡಿಯವರು ಗಂಡು ಅನ್ನುತ್ತಾರೆ, ಮೆತ್ತನೆಯ ಪಟ್ಟಿಗೆ ಹೆಣ್ಣು. ಎರಡೂ ಕೂಡಿದರೆ ಸಂಸಾರ. ಆನಂದ ಮೊಬೈಲಿನಲ್ಲಿ ತರಿಸಿದ್ದ ಎರಡು ಸುರುಳಿಯೂ ಗಂಡೇ ಆಗಿದ್ದವು.

ಆನಂದ ವಾರವಿಡೀ ರಾಯಚೂರಿನ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್, ಸಂಜೆಯಾದರೆ ಬಂದೇನವಾಜನ ಆರ್ಕೆಸ್ಟ್ರಾದಲ್ಲಿ ಗಿಟಾರಿಸ್ಟ್. ಗಿಟಾರಿನ ದನಿಯನ್ನು ಗುಡುಗಿಸಲು, ಗುನುಗಿಸಲು ಅವನ ಬಳಿ ಕಾಲಿನಿಂದ ಒತ್ತುವ ಆರು ಪುಟ್ಟ ಡಬ್ಬಿಗಳಿದ್ದವು. ಅವಕ್ಕೆ ಪೆಡಲ್ ಎನ್ನುತ್ತಾರೆ. ಹೋದ ತಿಂಗಳು ದೇವದುರ್ಗದ ಸ್ಟೇಜಿನ ಮೇಲೆ ಈ ಪೆಡಲುಗಳು ಜಾರಿ ದಿಕ್ಕಿಗೊಂದು ಓಡಿದ್ದವು. ಗುಡಿ ಮುಂದೆ ಚಪ್ಪಲಿ ಹುಡುಕುವವನ ಹಾಗೆ ಆನಂದ ಇಡೀ ಹಾಡು ಕಾಲಾಡಿಸಿದ್ದ. "ಇನ್ನೊಂದ್ ಸಲ ಜಾರಿದ್ರ ಮಿಯಾ, ಪೆಡಲ್ ಅಲ್ಲ, ನೀನೇ ಸ್ಟೇಜಿಂದ ಜಾರ್ತಿ. ಕೀಬೋರ್ಡಿನವ ಒಬ್ನೇ ಸಾಕು ನನಗ" ಎಂದಿದ್ದ ಬಂದೇನವಾಜ್.

ಇವತ್ತು ಸಂಜೆ ಏಳಕ್ಕೆ ಮಾನ್ವಿಯಲ್ಲಿ ಕಾರ್ಯಕ್ರಮ. ಆನಂದ ಅವ್ವ ಉಮಾದೇವಿಯ ಮಣೆಯನ್ನೇ ಎತ್ತಿಕೊಂಡು ಬಂದು, ಉದ್ದಕ್ಕೆ ಗೋಂದು ಬಳಿದು, ಮೊಳೆ ಹೊಡೆದು, ಗಂಡು ಪಟ್ಟಿ ಕೂರಿಸಿದ್ದ.

"ಲೇ, ಅದು ನಿಮ್ಮಪ್ಪ, ನಾನು ಕುಂತು ಲಗ್ನ ಆದ ಮಣಿ ಐತಲೇ!"

"ಇನ್ನ ಮ್ಯಾಲ ಅದು ಪೆಡಲ್‌ಬೋರ್ಡ್ ಬೇ ಯವ್ವಾ. ಪ್ರಮೋಷನ್ ಸಿಕ್ಕದ ಅದಕ್ಕ."

ಆಮೇಲೆ ಎರಡನೆಯ ಸುರುಳಿಯನ್ನು ಪೆಡಲುಗಳ ತಳಕ್ಕೆ ಅಂಟಿಸಿ ಮಣೆಯ ಮೇಲಿಟ್ಟ. ಎರಡು ಬಾಚಣಿಗೆಗಳು ಒಂದರ ತಲೆಯನ್ನೊಂದು ಬಾಚಿದ ಹಾಗೆ ಕರಕರ ಎಂದವೇ ಹೊರತು ಹಿಡಿಯಲಿಲ್ಲ.

ಆನಂದನಿಗೆ ಆತ್ಮವಿಶ್ವಾಸಕ್ಕೆ ಎಂದೂ ಬರವಿರಲಿಲ್ಲ. ಮಾಳಿಗೆ ಹತ್ತಿ ಬಂದೇನವಾಜನಿಗೆ ಫೋನ್ ಮಾಡಿದ.

"ಭಾಯ್, ಚಿಂತಿ ಮಾಡಬ್ಯಾಡ್ರಿ. ಮಣಿ ರೆಡಿ ಅದ. ಗಂಡೂ ರೆಡಿ ಅದ. ಹೆಣ್ಣು ಒಂದೇ ಸಿಗವಲ್ದು. ಸಂಜಿ ಒಳಗ ಹುಡುಕೇ ಹುಡುಕ್ತೀನಿ. ಭಾಳ ಬ್ಯಾಡ್ರಿ, ಒಂದೂವರಿ ಮೀಟರ್ ಇದ್ರ ಸಾಕು. ಕರೇದಾದ್ರೂ ನಡೀತದ. ಮೆತ್ತಗಿರಬೇಕು, ಅಂಟಿಕೊಂಡ್ರ ಬಿಡಬಾರದು, ಅಷ್ಟೇ!"

ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಗೋಪಮ್ಮ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಹಾಗೇ ಹಿಡಿದು ನಿಂತಳು. ಬಣ್ಣ ಕೇಳದ ಗಂಡು! ಎತ್ತರವನ್ನು ಮಾತ್ರ ಮೀಟರಿನಲ್ಲಿ ಹೇಳುವ ವಿದ್ಯಾವಂತ! ಒಂದೂವರೆ ಮೀಟರ್ ಅಂದರೆ ಐದಡಿಗೆ ಒಂದು ಬೆರಳು ಕಡಿಮೆ. ಮಾನ್ವಿಯಲ್ಲಿರುವ ಅವಳ ಅಣ್ಣ ಸೂಗಪ್ಪನ ಮಗಳು ಮೌನೇಶ್ವರಿ ಸರಿಯಾಗಿ ಅಷ್ಟೇ ಇದ್ದಳು. ಅದೃಷ್ಟಕ್ಕೆ ಅಪ್ಪ ಮಗಳು ಇಬ್ಬರೂ ಅಂದು ಹೂವಿನ ಹಾರ ಕೊಳ್ಳಲು ರಾಯಚೂರಿಗೇ ಬಂದಿದ್ದರು.

ಆನಂದ ಅಷ್ಟರಲ್ಲಿ ಬಜಾರಿನ ಬ್ಯಾಗ್ ರಿಪೇರಿ ಅಂಗಡಿಯ ಮುಂದಿದ್ದ.

"ಹೆಣ್ಣು ಅದ ಏನ್ರಿ?"

"ಗಂಡು ಎಷ್ಟ್ ಬೇಕಾದ್ರೂ ಅದಾವ್ರಿ. ಹೆಣ್ಣು ಮುಗದಾವ. ಈಗೆಲ್ಲಾ ಹಂಗೇ ರೀ, ಗಂಡು ಜಾಸ್ತಿ, ಹೆಣ್ಣು ಕಡಿಮಿ. ದೇವದುರ್ಗದಾಗ ಕೇಳಿ ನೋಡ್ರಿ."

"ಅಲ್ಲೀತನಾ ಹೋಗಾಕೂ ತಯಾರ್ ಅದೀನಿ!"

ಕೊತ್ತಂಬರಿ ಕೊಳ್ಳುತ್ತಿದ್ದ ಗೋಪಮ್ಮನ ಗಂಡ ವಿರೂಪಣ್ಣ ಇದನ್ನು ಕೇಳಿ ಅಲ್ಲಿಂದಲೇ ಹೆಂಡತಿಗೆ ಫೋನ್ ಹಚ್ಚಿದ. "ಲಗೂನ ನಿಮ್ಮಣ್ಣನ್ನ, ಹುಡುಗೀನ ಕರಕೊಂಡ್ ಬಾ. ಹುಡುಗ ಬಜಾರದಾಗ ನಿಂತು ಹೆಣ್ಣು ಕೇಳಾಕತ್ತಾನ. ಕೈ ಮೀರೂದ್ರಾಗ ಅದ!"

ದೇವದುರ್ಗಕ್ಕೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಆನಂದ ಬರಿಗೈಯಲ್ಲಿ ಮನೆಗೆ ಬಂದು, ಹಿತ್ತಲ ಬಾಗಿಲಿನಿಂದ ಒಳಗೆ ಸೇರಿ, ಪೆಡಲುಗಳ ತಳದ ಗಂಡುಗಳನ್ನು ಸ್ಕ್ರೂಡ್ರೈವರಿನಿಂದ ಕೆರೆದು ಕಿತ್ತು ಹಾಕಿದ. ಆಗ ಪಡಸಾಲೆಯಿಂದ ಆ ಸದ್ದು ಕೇಳಿತು.

ಪರ್ರ್!

ಬೆಳಗಿನಿಂದ ಅವನ ಕಿವಿ ಹುಡುಕುತ್ತಿದ್ದ ಸದ್ದು. ಆನಂದ ಮಣೆಯನ್ನು ಬಗಲಲ್ಲಿ ಹಿಡಿದುಕೊಂಡೇ ಓಡಿದ. ಅಲ್ಲಿ ಗೋಪಮ್ಮ, ವಿರೂಪಣ್ಣ, ಯಾರೋ ಒಬ್ಬ ದಪ್ಪ ಯಜಮಾನ, ಒಬ್ಬ ಹುಡುಗಿ ಚಹಾ ಕುಡಿಯುತ್ತಿದ್ದರು. ಮೂವತ್ತು ವರ್ಷ ಲಾರಿ ಓಡಿಸಿ ನಡು ಕಳೆದುಕೊಂಡಿದ್ದ ಸೂಗಪ್ಪ ಆರಾಮಾಗಿ ಕೂರಲೆಂದು ತನ್ನ ನಡುಪಟ್ಟಿಯನ್ನು ಬಿಚ್ಚಿ ಮಗಳ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ. ಅಗಲವಾದ, ಕರಿಯ, ಮೆತ್ತನೆಯ ಪಟ್ಟಿ.

ಆನಂದ ಆ ಕುರ್ಚಿಯತ್ತ ಕೈ ಚಾಚಿ ಕೂಗಿದ. "ಸಿಕ್ತು! ಇದೇ ಹೆಣ್ಣು! ಇನ್ನ ನಾ ಬಿಡಂಗಿಲ್ಲ!"

ವಿರೂಪಣ್ಣ ಚಪ್ಪಾಳೆ ಹೊಡೆದ. ಉಮಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೌನೇಶ್ವರಿ ಮಾತ್ರ ಹೆಸರಿಗೆ ತಕ್ಕಂತೆ ಮೌನವಾಗಿ, ಒಮ್ಮೆ ಮಣೆಯನ್ನು, ಒಮ್ಮೆ ಕುರ್ಚಿಯನ್ನು ನೋಡಿದಳು.

"ಭಲೇ!" ಅಂದ ಸೂಗಪ್ಪ. "ಏನ್ ಬೇಕು ಬಾಯಿ ಬಿಟ್ಟು ಕೇಳ್ರಿ."

"ಮತ್ತೇನೂ ಬ್ಯಾಡ್ರಿ ಯಜಮಾನ್ರ. ಈ ಪಟ್ಟಿ ಒಂದು ಕೊಡ್ರಿ."

"ಅಷ್ಟೇನಾ? ತಗೋರಿ! ಒಂದ್ ಸಂಜಿ ಪಟ್ಟಿ ಇಲ್ದಿದ್ರ ನನ್ನ ನಡು ಏನ್ ಮುರದು ಬೀಳ್ತದ?"

ಗೋಪಮ್ಮ ಆನಂದನ ಬಾಯಿಗೆ ಸಕ್ಕರೆ ಹಾಕಿದಳು. ಒಂದು ವೆಲ್ಕ್ರೋ ಸಿಕ್ಕಿದ್ದಕ್ಕೆ ಓಣಿಯೇ ಇಷ್ಟು ಸಂಭ್ರಮ ಪಡುತ್ತಿದೆಯಲ್ಲ, ಕೊನೆಗೂ ಜನಕ್ಕೆ ಕಲೆಯ ಬೆಲೆ ತಿಳಿಯಿತು ಎಂದು ಆನಂದನಿಗೆ ಪರಮಾನಂದ. ಸಕ್ಕರೆ ಚಪ್ಪರಿಸುತ್ತ ಒಳಗೆ ಹೋದವನೇ ನಡುಪಟ್ಟಿಗೆ ಕತ್ತರಿ ಹಾಕಿ ಆರು ತುಂಡು ಮಾಡಿದ, ಗೋಂದು ಬಳಿದು ಪೆಡಲುಗಳ ತಳಕ್ಕೆ ಒತ್ತಿದ, ಒಣಗುವವರೆಗೆ ಮೇಲೆ ಅಕ್ಕಿ ಚೀಲ ಹೇರಿದ.

ಏಳು ಗಂಟೆ. ಮಾನ್ವಿಯ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ. ಆರೂ ಪೆಡಲುಗಳು ಬೇರುಬಿಟ್ಟ ಹಾಗೆ ಮಣೆಯ ಮೇಲೆ ಕೂತವು. ಆನಂದ ಒದ್ದು ನೋಡಿದ. ಬಂದೇನವಾಜನೂ ಒದ್ದು ನೋಡಿದ. "ಅರೆ ವಾ ಮಿಯಾ, ಪಟ್ಟು ಹಿಡಿದು ಪಟ್ಟಿ ಹಿಡದಿ!" ಎಂದು ಬೆನ್ನು ತಟ್ಟಿದ. ಮೊದಲ ಹಾಡು ಮುಗಿಯಿತು. ಎರಡನೆಯ ಹಾಡಿನಲ್ಲಿ ಗಿಟಾರಿನದೇ ದೊಡ್ಡ ತುಣುಕು. ಆನಂದ ಸ್ಟೂಲಿನ ಮೇಲೆ ಸರಿಯಾಗಿ ಕೂತು ಕಾಲೆತ್ತಿದ.

ಆಗ ಮದುಮಗನ ಅಪ್ಪ ಹಾರ ಹಿಡಿದು ಸ್ಟೇಜು ಹತ್ತಿದ. ಸೂಗಪ್ಪ!

"ಬಂಧುಗಳೇ," ಮೈಕು ಕಸಿದುಕೊಂಡು ಹೇಳಿದ, "ನಿನ್ನೆ ಮಗನ ಲಗ್ನ ಆತು. ಇವತ್ತ ಮಗಳದೂ ಗೊತ್ತಾತು. ಇಲ್ಲಿ ಗಿಟಾರ್ ಬಾರಸಾಕತ್ತವ್ರೇ ನಮ್ಮ ಅಳಿಯಂದಿರು!"

ಅಳಿಯ ಯಾರೆಂದು ಆನಂದ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು. ಮಣೆ, ಗಂಡು, ಹೆಣ್ಣು, ಸಕ್ಕರೆ ಎಲ್ಲವೂ ಒಂದೊಂದಾಗಿ ಅವನ ತಲೆಯಲ್ಲಿ ಅಂಟಿಕೊಂಡವು. ಅಷ್ಟರಲ್ಲಿ ಸೂಗಪ್ಪ ಹಾರ ಹಾಕಲು ಬಗ್ಗಿದ. ಕಟಕ್!

"ಯವ್ವೋ! ನಡು! ನನ್ನ ಪಟ್ಟಿ ಎಲ್ಲಿ?"

ಆನಂದ ತನ್ನ ಕಾಲ ಕಡೆ ನೋಡಿದ. ಎಲ್ಲರೂ ನೋಡಿದರು. ಬಂದೇನವಾಜ್ ಒಂದು ಪೆಡಲನ್ನು ಕಿತ್ತ. ಮೈಕಿನಲ್ಲಿ ಪರ್ರ್ ಎಂದು ಇಡೀ ಮಾನ್ವಿಗೆ ಕೇಳಿಸಿತು. ತಳದಲ್ಲಿ ನಾಲ್ಕು ಬೆರಳಗಲ ನಡುಪಟ್ಟಿ.

ಹಾಡಿನ ನಡುವೆ ಮಾವನ ನಡು ಹಿಡಿಯಿತು. ಮಾವನ ನಡು ಹಿಡಿಯಲು ಅಳಿಯ ಹಾಡಿನ ನಡುವೆಯೇ ಎದ್ದ. ಹಿಂದಿನಿಂದ ಎರಡೂ ಕೈಯಲ್ಲಿ ತಬ್ಬಿ ಬಿಗಿ ಹಿಡಿದರೆ ಮಾತ್ರ ಸೂಗಪ್ಪ ನೆಟ್ಟಗೆ ನಿಲ್ಲುತ್ತಿದ್ದ, ಸಡಿಲಿಸಿದರೆ ಕಿರುಚುತ್ತಿದ್ದ. ಫೋಟೋಕ್ಕೆ ಮುನ್ನೂರು ಮಂದಿ ಸಾಲು ನಿಂತಿದ್ದರು. ಬಂದೇನವಾಜ್ ಕೀಬೋರ್ಡಿನವನಿಗೆ ಕಣ್ಣು ಮಿಟುಕಿಸಿದ. ಗಿಟಾರಿನ ತುಣುಕನ್ನು ಕೀಬೋರ್ಡಿನವನೇ ನುಡಿಸಿದ, ಚೆನ್ನಾಗಿಯೇ ನುಡಿಸಿದ.

ಮೌನೇಶ್ವರಿ ಪಕ್ಕಕ್ಕೆ ಬಂದು ನಿಂತಳು. ಆನಂದ ಪಿಸುಗುಟ್ಟಿದ. "ರೀ, ನಾ ಹುಡುಕಿದ್ದು ಪಟ್ಟಿ ರೀ…"

"ಗೊತ್ತದ ರೀ. ನಾ ಬಾಗಲವಾಡ ಶಾಲ್ಯಾಗ ಟೀಚರ್. ಹುಡುಗ್ರ ಬೂಟಿನ ಪಟ್ಟಿ ದಿನಾ ಹಚ್ಚಾಕಿ ನಾನೇ. ನಿಮ್ಮ ಮಣಿ ನೋಡಿದ ಕೂಡ್ಲೇ ತಿಳೀತು."

"ಮತ್ತ ಅಲ್ಲೇ ಹೇಳಬಾರ್ದಿತ್ತೇನ್ರಿ?"

"ಹೇಳಾಕ ಎದ್ದಿದ್ದೆ. ಅಷ್ಟ್ರಾಗ ಕತ್ರಿ ಸಪ್ಪಳ ಕೇಳ್ತು."

"ಸರ್, ಒಂದ್ ಫೋಟೋಕ್ಕ ಕೈ ಬಿಡ್ರಿ," ಎಂದ ಫೋಟೋದವನು.

"ಬಿಡಬ್ಯಾಡ್ರೀ ಯಪ್ಪಾ!" ಎಂದ ಸೂಗಪ್ಪ.

ಮೌನೇಶ್ವರಿ ಸೆರಗು ಸರಿಮಾಡಿಕೊಂಡು ಕ್ಯಾಮೆರಾ ಕಡೆ ತಿರುಗಿದಳು. "ಹೆಣ್ಣಿನ ಮಾತು ಆಮ್ಯಾಲ ನೋಡಾಮು. ಹೊಸಾ ಪಟ್ಟಿ ಬರೂತನಾ ಹಂಗೇ ನಿಲ್ರಿ. ಅಂಟಿಕೊಂಡ್ರ ಬಿಡಬಾರದು ಅಂತ ಮಾಳಿಗಿ ಮ್ಯಾಲ ಅಂದವ್ರು ನೀವೇ ಅಲ್ಲೇನ್ರಿ?"