ಎದುರು ಮನೆಗೆ ಬಂದ ಎಂಎಲ್‌ಎ

ಇನ್ನು ಯಾರನ್ನು ನೋಡಿಯೂ ಹೊಟ್ಟೆಕಿಚ್ಚು ಪಡಬಾರದು ಎಂದು ನಾನು ನಿಶ್ಚಯ ಮಾಡಿದಾಗಲೆಲ್ಲ, ಅಂಥವರೊಬ್ಬರು ನೇರವಾಗಿ ನನ್ನ ಎದುರು ಮನೆಗೇ ಬಂದು ಇಳಿಯುತ್ತಾರೆ. ನಾನು ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡು, ಪರದೇಶದ ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ, ಪಾಸಿರ್ ರಿಸ್ ಬಡಾವಣೆಯ ನಮ್ಮ ಕಾಂಡೋ ಅಪಾರ್ಟ್‌ಮೆಂಟಿಗೆ ಬಂದವರು ಒಬ್ಬ ಮುದುಕರು.

ಸ್ವೀಡನ್ನಿನಲ್ಲಿ ಹುಟ್ಟಿ, ಇಪ್ಪತ್ತಕ್ಕೇ ಅಮೆರಿಕಕ್ಕೆ ಹೋಗಿ, ಕಂಡವರ ಹೊಲದಲ್ಲಿ ದುಡಿದು, ಸ್ವಂತ ಜಮೀನು ಮಾಡಿ, ಕೊನೆಗೆ ಅಲ್ಲಿನ ಒಂದು ರಾಜ್ಯದ ಶಾಸಕರೂ ಆಗಿದ್ದವರು. ಈಗ ಮಗಳ ಜತೆಗಿರಲು ಬಂದಿದ್ದರು. ನಾನೂ ಮಂಡ್ಯದ ಕಬ್ಬು ಬೆಳೆಯುವ ಮನೆಯವನೇ, ನಾನೂ ಊರು ಬಿಟ್ಟವನೇ. ಆದರೆ ನಾನು ಆಗಿದ್ದು ಅಲ್ಲಲ್ಲಿ ಚದುರಿದ್ದ ಇಪ್ಪತ್ತು ಕನ್ನಡ ಮನೆಗಳ ಕೂಟಕ್ಕೆ ಅಧ್ಯಕ್ಷ. ಅದೊಂದು ಕುರ್ಚಿ ಬಿಟ್ಟರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

೧. ಗೇಟಿನಲ್ಲಿ

ಬಂದ ವಾರದೊಳಗೆ ಅವರಿಗೆ ಇಡೀ ಕಾಂಡೋ ಪರಿಚಯ. ಲಿಫ್ಟಿನಲ್ಲಿ ಕೈಕುಲುಕುವುದು, ಕಸ ಗುಡಿಸುವ ಆಂಟಿಯ ಮಂಡಿನೋವು ವಿಚಾರಿಸುವುದು. ವೋಟು ಕೇಳಿದ ಅಭ್ಯಾಸ, ಬಿಟ್ಟೀತೇ!

ಗೇಟಿನ ಸೆಕ್ಯುರಿಟಿಯವನು ಆರು ವರ್ಷದಿಂದ ನನ್ನನ್ನು “ಯಾರ ಮನೆಗೆ ಹೋಗಬೇಕು?” ಎಂದು ಕೇಳುತ್ತಲೇ ಇದ್ದ. ಒಂದು ದಿನ ರೇಗಿ, “ನಾನು ಇಲ್ಲೇ ಇರೋನಯ್ಯಾ, ನಾಲ್ಕನೇ ಮಹಡಿ!” ಎಂದೆ.

ಅವನ ಮುಖ ಅರಳಿತು. “ಓ, ನೀವು ಆ ಅಂಕಲ್ ಎದುರು ಮನೆಯವರಾ? ಮೊದಲೇ ಹೇಳಬಾರದಾ!”

೨. ಕರಿಬೇವು

ನಮ್ಮ ಬಾಲ್ಕನಿಯ ಕರಿಬೇವಿನ ಗಿಡ ಎರಡು ವರ್ಷದಿಂದ ಎಂಟು ಎಲೆಯಲ್ಲಿ ನಿಂತಿತ್ತು. “ಬೇಸಾಯ ನನ್ನ ರಕ್ತದಲ್ಲಿದೆ ಕಣೇ” ಎಂದು ದಿನಾ ನೀರು ಸುರಿಯುತ್ತಿದ್ದವನು ನಾನು. ಕಾಫಿಗೆ ಬಂದ ಮುದುಕರು ಜೇಬಿನಿಂದ ಚಾಕು ತೆಗೆದು, ತುದಿ ಕತ್ತರಿಸಿ, ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಿ, “ಮಣ್ಣು ಒಣಗೋವರೆಗೂ ಇದರ ಹತ್ತಿರ ನಿಮ್ಮ ಯಜಮಾನರನ್ನ ಬಿಡಬೇಡಿ” ಎಂದು ನನ್ನ ಹೆಂಡತಿಗೆ ಹೇಳಿ ಹೋದರು.

ತಿಂಗಳಲ್ಲಿ ಗಿಡ ಎಲೆ ತುಂಬಿ ಗುಬುರಾಯಿತು. ಅಂದಿನಿಂದ ಮನೆಯಲ್ಲಿ ಒಗ್ಗರಣೆ ಚಟಪಟ ಅಂದಾಗಲೆಲ್ಲ ನನ್ನ ಹೊಟ್ಟೆಯೊಳಗೂ ಚಟಪಟ. ಮಗ ಬೇರೆ, “ಅಂಕಲ್ ರಿಯಲ್ ಫಾರ್ಮರ್ ಲಾ, ಪಪ್ಪಾ ಓನ್ಲಿ ಟಾಕಿಂಗ್” ಎಂದ.

೩. ಶಿಫಾರಸು

ರಾಜ್ಯೋತ್ಸವಕ್ಕೆ ಪ್ರತಿವರ್ಷ ನಡುವಿನ ಕುರ್ಚಿ ನನ್ನದು. ಆ ವರ್ಷ ಅವರನ್ನು ಮುಖ್ಯ ಅತಿಥಿ ಮಾಡಿ ನನ್ನನ್ನು ಫ್ಯಾನ್ ಗಾಳಿಯೂ ಬಾರದ ಮೂಲೆಗೆ ಸರಿಸಿದರು. ನಮ್ಮವರಿಗೆ ಎಂಎಲ್‌ಎ ಅಂದರೆ ಹಿಂದೆ ಮುಂದೆ ನಾಲ್ಕು ಕಾರು. “ಎಂಎಲ್‌ಎ ಸಾಹೇಬರು ಇನ್ನೂ ಬಂದಿಲ್ವಾ?” ಎಂದು ಬೂನ್ ಲೇಯಿಂದ ಬಂದ ಇಂಜಿನಿಯರ್ ಕೇಳಿದ.

“ಬಂದು ಗಂಟೆಯಾಯ್ತು. ಅಲ್ಲಿ ಕುರ್ಚಿ ಜೋಡಿಸ್ತಾ ಇದಾರಲ್ಲ, ಅವರೇ” ಎಂದೆ.

ಇಂಜಿನಿಯರ್ ಓಡಿಹೋಗಿ, ಹಾಸನದಲ್ಲಿರುವ ತನ್ನ ಭಾವಮೈದುನನ ಟ್ರಾನ್ಸ್‌ಫರ್‌ಗೆ ಒಂದು ಶಿಫಾರಸು ಪತ್ರ ಬೇಡಿದ. ಅಮೆರಿಕದ ಮಾಜಿ ಶಾಸಕರಿಗೂ ಹಾಸನಕ್ಕೂ ಎತ್ತಣ ಸಂಬಂಧ? ನಾನು ಒಳಗೊಳಗೇ ನಗುತ್ತಿದ್ದೆ. ಅವರು ಅಲ್ಲೇ ಕೂತು ಬರೆದುಕೊಟ್ಟರು: “ಈ ವ್ಯಕ್ತಿ ನನಗೆ ಗೊತ್ತಿಲ್ಲ. ಇವರ ಭಾವ ಮಾತ್ರ ಒಳ್ಳೆಯವರು.”

ಪತ್ರ ಫ್ಯಾಕ್ಸ್ ಆಯಿತು. ಎರಡೇ ತಿಂಗಳಲ್ಲಿ ಟ್ರಾನ್ಸ್‌ಫರೂ ಆಯಿತು. ನನ್ನ ಸ್ವಂತ ತಮ್ಮನಿಗಾಗಿ ನಾನು ನಾಲ್ಕು ವರ್ಷ ಬರೆದ ಪತ್ರಗಳಿಗೆ ಉತ್ತರವೂ ಬಂದಿರಲಿಲ್ಲ.

೪. ಬೇಡ, ಬೇಡ

ಯುಗಾದಿಗೆ ನಮ್ಮ ಕೂಟದ ವಾರ್ಷಿಕ ಸಭೆ. ಅಧ್ಯಕ್ಷರ ಆಯ್ಕೆಗೆ ನಮ್ಮಲ್ಲೊಂದು ಪದ್ಧತಿ. “ಇವರೇ ಮುಂದುವರಿಯಲಿ” ಎಂದು ಯಾರೋ ಹೇಳುತ್ತಾರೆ. ನಾನು “ಬೇಡಪ್ಪಾ, ಬೇರೆಯವರು ಮಾಡ್ಲಿ” ಎನ್ನುತ್ತೇನೆ. ಇನ್ನೊಮ್ಮೆ ಒತ್ತಾಯ, ಇನ್ನೊಮ್ಮೆ ಬೇಡ. ಮೂರನೇ ಸಲಕ್ಕೆ ನಿಟ್ಟುಸಿರು ಬಿಟ್ಟು ಒಪ್ಪಿಕೊಳ್ಳುತ್ತೇನೆ. ಐದು ವರ್ಷ ಹಾಗೇ ನಡೆದಿತ್ತು.

ಈ ಸಲ ಹೋಳಿಗೆಗೆಂದು ಕರೆದಿದ್ದ ಮುದುಕರಿಗೆ ಪಕ್ಕದವರು ಎಲ್ಲವನ್ನೂ ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದರು. ನನ್ನ ಎರಡನೇ “ಬೇಡ” ಕೇಳಿ ಅವರು ಎದ್ದು ನಿಂತರು. “ಪಾಪ, ಮನುಷ್ಯ ದಣಿದಿದ್ದಾನೆ. ಎರಡು ಸಲ ಹೇಳಿಯಾಯಿತು. ಬಿಟ್ಟುಬಿಡಿ. ಚೀಟಿಯಲ್ಲಿ ವೋಟು ಹಾಕೋಣ.”

ನನ್ನ ಮೂರನೇ ಸರದಿ ಬರಲೇ ಇಲ್ಲ. ಚೀಟಿ ಹಂಚಿದರು, ಅತಿಥಿಗಳಿಗೂ ಒಂದು. ಎಣಿಸಿದಾಗ ಮುದುಕರಿಗೆ ಮೂವತ್ತೊಂದು. ನನಗೆ ಎರಡು.

ಅವರು ಕೈಮುಗಿದು, “ಬೇಡ, ನನಗೆ ಕನ್ನಡವೇ ಬರೋದಿಲ್ಲ” ಎಂದರು. ಮತ್ತೆ ಬೇಡ ಎಂದರು. ನಮ್ಮವರು ಮೂರನೇ ಸಲಕ್ಕೆ ಹಾರ ಹಿಡಿದು ಕಾದರು. ಮೂರನೇ ಸಲವೂ ಬೇಡ ಅಂದಾಗ, ಅಂಥದ್ದನ್ನು ಕಂಡೇ ಇರದ ಸಭೆ ಕಂಗಾಲಾಗಿ ಹಾರವನ್ನು ಬೂನ್ ಲೇ ಇಂಜಿನಿಯರ್‌ಗೆ ಹಾಕಿಬಿಟ್ಟಿತು.

ಮೇಲೆ ಹೋಗುವಾಗ ಲಿಫ್ಟಿನಲ್ಲಿ ನಾನು, ಹೆಂಡತಿ, ಮುದುಕರು ಮೂವರೇ. ನಾನು ಹೆಂಡತಿಗೆ, “ಹೋಗ್ಲಿ ಬಿಡೇ, ನನ್ನ ವೋಟಿನ ಜತೆ ನಿನ್ನದಾದ್ರೂ ಬಿತ್ತಲ್ಲ” ಎಂದೆ.

“ಅಯ್ಯೋ, ನೀವೇ ಬೇಡ ಬೇಡ ಅಂದ್ರಲ್ಲ ರೀ! ನಾನು ಅಂಕಲ್‌ಗೆ ಹಾಕ್ದೆ.”

ಹಾಗಾದರೆ ಆ ಎರಡನೆಯದು ಯಾರದು? ನಾನು ಇಂಗ್ಲಿಷಿನಲ್ಲೇ ಕೇಳಿಬಿಟ್ಟೆ. ಮುದುಕರು ನನ್ನ ಭುಜ ತಟ್ಟಿದರು. “ನನ್ನದು. ಬೇಸರ ಮಾಡ್ಕೋಬೇಡಿ. ಮೊದಲ ಸಲ ಚುನಾವಣೆಗೆ ನಿಂತಾಗ ನಮ್ಮೂರಲ್ಲಿ ನನಗೂ ಬಿದ್ದದ್ದು ಎರಡೇ ವೋಟು.”

ಒಂದು ಕ್ಷಣ ನನ್ನ ಕಣ್ಣು ಒದ್ದೆಯಾಯಿತು. ತಿಂಗಳುಗಟ್ಟಲೆಯ ಹೊಟ್ಟೆಕಿಚ್ಚು ಆರಿಯೇ ಹೋಯಿತು ಅನ್ನಿಸಿತು. “ಆಗಿನ ಎರಡರಲ್ಲಿ ಒಂದು ನಿಮ್ಮದು. ಇನ್ನೊಂದು?” ಎಂದೆ.

“ಇನ್ಯಾರದು? ನನ್ನ ಹೆಂಡತಿಯದು!”