ಹೊಂಗೆ ನೆರಳಿನ ಪಂದ್ಯ

2025ರ ಮಾರ್ಚ್ 23, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ರಂಗರಾಜು ಹಲ್ಲುಜ್ಜುತ್ತ ನಿಂತಿದ್ದರು. ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸಿ ತಿರುಗಿ ನೋಡಿದರೆ ಒಂದು ಗೇಣು ದೂರದಲ್ಲಿ ಕಾರು. ಸದ್ದಿಲ್ಲ, ಹೊಗೆಯಿಲ್ಲ. ಹಾಲಿನ ಪಾತ್ರೆಯ ಹತ್ತಿರಕ್ಕೆ ಬೆಕ್ಕು ಬರುವ ಹಾಗೆ ಬಂದು ನಿಂತಿತ್ತು. ಗಾಬರಿಯಲ್ಲಿ ರಂಗರಾಜು ಬಾಯಲ್ಲಿದ್ದ ಪೇಸ್ಟನ್ನೆಲ್ಲ ನುಂಗಿಬಿಟ್ಟರು.

ಕಾರಿನೊಳಗಿದ್ದವರು ಎದುರು ಮನೆಯ ದಿನೇಶ್, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟರು. ಪಕ್ಕದಲ್ಲಿ ಹೆಂಡತಿ ದೀಪಶ್ರೀ. ಹೈಬ್ರಿಡ್ ಕಾರು ಕೊಂಡು ಹದಿನೈದು ದಿನವಾಗಿತ್ತು. ಅದಕ್ಕೆ ಪೆಟ್ರೋಲಿನ ಎಂಜಿನ್ನೂ ಉಂಟು, ಬ್ಯಾಟರಿಯಲ್ಲಿ ಓಡುವ ಮೋಟಾರೂ ಉಂಟು, ನಿಧಾನಕ್ಕೆ ಹೋಗುವಾಗ ಎಂಜಿನ್ ಮಲಗಿರುತ್ತದೆ, ಬೇಕಾದಾಗ ತಾನೇ ಏಳುತ್ತದೆ ಎಂಬುದನ್ನು ದಿನೇಶ್ ಬೀದಿಯ ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಮುಗಿಸಿದ್ದರು. ಪರೀಕ್ಷೆಯೊಂದನ್ನು ಇಡುವುದು ಬಾಕಿ ಇತ್ತು.

ರಂಗರಾಜು ಮಾತ್ರ ಒಪ್ಪಿರಲಿಲ್ಲ. ಯಳಂದೂರಿನ ದಾರಿಯಲ್ಲಿ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು ಅವರು. ಗಾಡಿಯನ್ನು ಕಿವಿಯಿಂದಲೇ ಅರಿಯುವವರು. ಈಗ ಅವರಲ್ಲೊಂದು ಹಳೆಯ ಡೀಸೆಲ್ ಜೀಪಿತ್ತು. ಅದನ್ನು ಸ್ಟಾರ್ಟ್ ಮಾಡಿದರೆ ಬೀದಿಯ ಮಗ್ಗಗಳ ಸದ್ದೆಲ್ಲ ಅದರಲ್ಲಿ ಮುಳುಗಿಹೋಗುತ್ತಿತ್ತು. ಇಡೀ ಬೀದಿಗೆ ಇದ್ದ ಒಂದೇ ಹೊಂಗೆ ಮರದ ನೆರಳಿನಲ್ಲಿ ಆ ಜೀಪು ಹಗಲೂ ರಾತ್ರಿ ನಿಂತಿರುತ್ತಿತ್ತು. ಬ್ಯಾಟರಿಗೆ ಬಿಸಿಲು ಆಗದು ಎಂದು ದಿನೇಶ್ ಎರಡು ಸಲ ವಿನಯದಿಂದ ಆ ಜಾಗ ಕೇಳಿದ್ದರು. ಜೀಪಿಗೂ ವಯಸ್ಸಾಯ್ತು, ಅದಕ್ಕೂ ಬಿಸಿಲಾಗದು ಎಂದು ರಂಗರಾಜು ಎರಡು ಸಲವೂ ಅಷ್ಟೇ ವಿನಯದಿಂದ ಹೇಳಿದ್ದರು.

ಈಗ ಅವರು ಬಾಯಿ ಒರೆಸಿಕೊಂಡು ಗದರಿದರು. "ಕಳ್ಳ ಬಂದಂಗ್ ಬತ್ತದಲ್ಲ ಮೇಷ್ಟ್ರೇ ನಿಮ್ ಗಾಡಿ. ಲೀಟ್ರಿಗೆ ಇಪ್ಪತ್ತೈದು ಕೊಡ್ತದೆ ಅಂತ ಬೇರೆ ಏಳ್ಕಂಡ್ ತಿರುಗ್ತೀರಿ. ಕಂಪ್ನಿಯೋರು ಅಳೆಯೋದು ಕಂಪ್ನಿ ರೋಡಲ್ಲಿ. ನಮ್ ಅನೂರ್ ರೋಡಲ್ಲಿ ಅಳೀರಿ ನೋಡನ."

"ಇವತ್ತೇ ಅಳೆಯೋಣ ರಂಗರಾಜಣ್ಣ. ಹನೂರು ದಾಟಿ ಅಜ್ಜೀಪುರಕ್ಕೆ, ನಮ್ಮತ್ತೆ ಮನೆಗೇ ಹೊರಟಿದ್ದೀವಿ."

ಅಷ್ಟರಲ್ಲಿ ಪಕ್ಕದ ಮನೆಯ ಸರಸ್ವತಮ್ಮ ರಂಗೋಲಿ ಬಿಟ್ಟು ಎದ್ದು ಬಂದರು. ಮಗ್ಗದ ಗುಂಡಿಯಿಂದ ದೇವಣ್ಣನೂ ಬಂದ. ಜನ ಸೇರಿದ ಮೇಲೆ ಮಾತು ಮಾತಾಗಿ ಉಳಿಯುವುದುಂಟೆ? ಇಪ್ಪತ್ತೈದು ಮುಟ್ಟಿದರೆ ಹೊಂಗೆ ನೆರಳು ದಿನೇಶರದು, ಒಂದು ಗುಲಗಂಜಿ ಕಡಿಮೆಯಾದರೂ ಜೀಪಿನದೇ, ಮತ್ತೆ ಯಾರೂ ಕೇಳುವ ಹಾಗಿಲ್ಲ ಎಂದು ದೇವಣ್ಣ ಪಂಚಾಯಿತಿ ಮಾಡಿದ. ಸಾಕ್ಷಿಗೆ ರಂಗರಾಜು ಜೊತೆಯಲ್ಲೇ ಹೊರಡುವುದೆಂದಾಯಿತು.

ಅಳತೆಯ ವಿಚಾರದಲ್ಲಿ ದಿನೇಶ್ ಗಟ್ಟಿ. ಬಂಕಿನಲ್ಲಿ ಟ್ಯಾಂಕು ತುಂಬಿ ಪೈಪು ತಾನಾಗಿ 'ಟಕ್' ಎಂದು ನಿಂತ ಕೂಡಲೇ ಸಾಕು ಎಂದರು. ಸಂಜೆ ಇದೇ ಬಂಕು, ಇದೇ ಪೈಪು, ಕಾರು ಇದೇ ಗೆರೆಯ ಮೇಲೆ. ಮತ್ತೆ 'ಟಕ್' ಅನ್ನುವವರೆಗೆ ಎಷ್ಟು ಹಿಡಿಯುತ್ತದೋ ಅದೇ ಸುಟ್ಟ ಪೆಟ್ರೋಲು.

ಹನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಜನಸಂದಣಿ. ಕಾರು ಎಂಜಿನ್ ಮಲಗಿಸಿಕೊಂಡು ಹೆಜ್ಜೆ ಹೆಜ್ಜೆಯಾಗಿ ಸಾಗುತ್ತಿತ್ತು. ಸದ್ದೇ ಇಲ್ಲದೆ ತೆವಳುವ ಕಾರನ್ನು ಕಂಡು ಬಾಳೆಗೊನೆ ಇಳಿಸುತ್ತಿದ್ದ ಒಬ್ಬನಿಗೆ ಮರುಕ ಹುಟ್ಟಿತು. "ಪಾಪ, ಆಪ್ ಆಗೋಗದೆ ಕಣ್ಲಾ, ಬನ್ರಲಾ, ಒಂದ್ ಕೈ ಆಕಿ" ಎಂದು ಕೂಗಿದ. ಏಳೆಂಟು ಜನ ಬಂದು ಹಿಂದಿನಿಂದ ತಳ್ಳತೊಡಗಿದರು. ಗಾಡಿ ಚಾಲೂ ಇದೆ ಎಂದು ದಿನೇಶ್ ತಲೆ ಹೊರಗೆ ಹಾಕಿ ಹೇಳಿದರು. ಸದ್ದು ಮಾಡದ ಎಂಜಿನ್ನಿನ ಪರವಾಗಿ ಯಾರು ಏನು ಹೇಳಿದರೂ ನಂಬುವ ಊರಲ್ಲ ಅದು. ನಾಚಿಕೆ ಪಡಬೇಡಿ ಸಾ, ಗೇರಲ್ಲಿ ಹಾಕಿ ಎಂದು ಯಾರೋ ಸಲಹೆಯನ್ನೂ ಕೊಟ್ಟರು. ಒಂದಷ್ಟು ದೂರ ತಳ್ಳಿದ ಮೇಲೆ ಎಂಜಿನ್ ತನ್ನ ಪಾಡಿಗೆ ತಾನು ಎದ್ದು ಗುರ್ ಅಂದಿತು. ತಳ್ಳಿದವರು ಗೆದ್ದವರಂತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಹಿಂದಿನ ಸೀಟಿನಲ್ಲಿ ರಂಗರಾಜು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ದಿನೇಶ್ ಮೀಟರ್ ನೋಡಿ, "ನೂರು ಮೀಟರ್ ತಳ್ಳಿದ್ದಾರೆ. ಲೆಕ್ಕದಿಂದ ಕಳೀಬೇಕು" ಎಂದರು.

ರಂಗರಾಜು ನಗು ನಿಲ್ಲಿಸಿ ಅವರನ್ನೊಮ್ಮೆ ನೋಡಿದರು.

ಮುಂದೆ ಒಂದು ಇಳಿಜಾರು. ದಿನೇಶ್ ಬ್ರೇಕಿನ ಮೇಲೆ ಮೆಲ್ಲನೆ ಕಾಲಿಟ್ಟರು. ಪರದೆಯ ಮೇಲಿನ ಹಸಿರು ಬಾಣ ಚಕ್ರದಿಂದ ಹೊರಟು ಬ್ಯಾಟರಿಯ ಕಡೆಗೆ ಹರಿಯಿತು. ಇಳಿಯುವ ವೇಗವೇ ಕರೆಂಟಾಗಿ ಒಳಗೆ ಸೇರುತ್ತಿದೆ ಎಂದು ವಿವರಿಸಿದರು. ರಂಗರಾಜು ಮುಂದಕ್ಕೆ ಬಾಗಿ ಆ ಬಾಣವನ್ನು ಬಹಳ ಹೊತ್ತು ದಿಟ್ಟಿಸಿದರು.

"ಮೂವತ್ನಾಕ್ ವರ್ಸ ಇಳಿಜಾರಲ್ಲಿ ಬ್ರೇಕ್ ಒತ್ತಿವ್ನಿ ಮೇಷ್ಟ್ರೇ. ಅದೆಲ್ಲಾ ಎಲ್ಗೋಯ್ತು ಅಂಗಾರೆ?"

"ಬಿಸಿಯಾಗಿ ಗಾಳಿಗೆ ಹೋಯ್ತು."

ಅಜ್ಜೀಪುರ ಬಂತು. ರಂಗರಾಜು ಕಾರಿಳಿದು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಎಳೆಗರುವಿನ ಮೈ ಮುಟ್ಟಿದವರಂತೆ ಸ್ವಲ್ಪ ಹೊತ್ತು ಹಾಗೇ ನಿಂತರು.

ಅತ್ತೆ ಚಿಕ್ಕನಿಂಗಮ್ಮನವರ ಮನೆಯಲ್ಲಿ ಮುದ್ದೆ, ನಾಟಿಕೋಳಿ ಸಾರು. ಊಟದುದ್ದಕ್ಕೂ ದಿನೇಶರದು ಒಂದೇ ಮಾತು. ಎಷ್ಟು ಪೆಟ್ರೋಲ್ ಉರಿದಿರಬಹುದು, ಇನ್ನೆಷ್ಟು ಉರಿಯಬಹುದು, ಏಸಿ ಹಾಕದೆ ಬಂದದ್ದು ಸರಿಯೋ ತಪ್ಪೋ. ಮಾವ ಮುತ್ತಯ್ಯ ಹೂಂಗುಟ್ಟುತ್ತ ಮೂಳೆ ಚೀಪಿದರು. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಅಳಿಯ ಎರಡು ಸಲ ಕೈ ತೊಳೆಯದೆ ಎದ್ದು ಹೋಗಿ ಪೆಟ್ರೋಲ್ ಮುಳ್ಳು ನೋಡಿ ಬಂದದ್ದನ್ನೂ ಕಂಡರು. ರಂಗರಾಜು ಸಾಕ್ಷಿಯ ಕರ್ತವ್ಯ ಮರೆಯದೆ ಮಂಚವನ್ನು ಕಾರಿನ ಪಕ್ಕಕ್ಕೇ ಎಳೆಸಿಕೊಂಡು, ಟ್ಯಾಂಕಿನ ಮುಚ್ಚಳದ ಕಡೆಗೆ ಮುಖ ಮಾಡಿ ಕಾವಲು ಮಲಗಿದರು. ಮುದ್ದೆಯ ಮಹಿಮೆ ದೊಡ್ಡದು. ಮೂರು ಗಂಟೆಯವರೆಗೂ ಅವರ ಬಾಯಿ ತೆರೆದೇ ಇತ್ತು, ಕಣ್ಣು ಮಾತ್ರ ತೆರೆಯಲಿಲ್ಲ.

ಹೊರಡುವಾಗ ಚಿಕ್ಕನಿಂಗಮ್ಮ ಮಗಳ ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಳೆ ತುಂಬಿ ಕುಂಕುಮವಿಟ್ಟರು. ಕಾರಿಗೂ ಕುಂಕುಮವಿಟ್ಟಿದ್ದರು.

ದಾರಿಯಲ್ಲಿ ರಂಗರಾಜು ಮೂಗರಳಿಸಿ, ಪೆಟ್ರೋಲ್ ವಾಸನೆ ಬರುತ್ತಿದೆ ಎಂದರು. ದಿನೇಶ್ ಕಾರು ನಿಲ್ಲಿಸಿ, ನೆಲಕ್ಕೆ ಕೆನ್ನೆಯೂರಿ ಅಡಿಯೆಲ್ಲ ನೋಡಿದರು. ಒಂದು ಹನಿಯೂ ಸೋರಿರಲಿಲ್ಲ.

ಬಂಕಿನಲ್ಲಿ ಕಾರನ್ನು ಬೆಳಗಿನ ಗೆರೆಯ ಮೇಲೆಯೇ ನಿಲ್ಲಿಸಿದರು. ಟ್ಯಾಂಕಿನ ಮುಚ್ಚಳದ ಮೇಲೂ ಒಂದು ಕುಂಕುಮದ ಬೊಟ್ಟಿತ್ತು. ಅತ್ತೆಯ ಭಕ್ತಿಯನ್ನು ದಿನೇಶ್ ಮನಸ್ಸಿನಲ್ಲೇ ಮೆಚ್ಚಿಕೊಂಡರು. ಪೈಪು ಹಾಕಿದ್ದಷ್ಟೇ. 'ಟಕ್'. 0.95 ಲೀಟರ್. ಬಂಕಿನವನು ಪೈಪು ಕೊಡವಿ ಮತ್ತೆ ಹಾಕಿದ. ಮತ್ತೆ 'ಟಕ್'. ಓಡಿದ್ದು 74.5 ಕಿಲೋಮೀಟರ್, ತಳ್ಳಿದ್ದು ಕಳೆದರೆ 74.4. ದಿನೇಶ್ ಮೂರು ಸಲ ಭಾಗಿಸಿದರು. ಲೀಟರಿಗೆ 78.3.

ರಂಗರಾಜು ಬಂಕಿನ ಕಲ್ಲುಹಾಸಿನ ಮೇಲೇ ಚಪ್ಪಲಿ ಬಿಟ್ಟು ಕಾರಿಗೆ ಕೈಮುಗಿದರು.

ಸುದ್ದಿ ಕಾರಿಗಿಂತ ಮೊದಲೇ ಬೀದಿ ಸೇರಿತು. ದೇವಣ್ಣ ಮಗ್ಗ ನಿಲ್ಲಿಸಿ ಬಂದ. ಸರಸ್ವತಮ್ಮ ಆರತಿ ತಟ್ಟೆಯನ್ನೇ ತಂದರು. ರಂಗರಾಜು ಯಾರೂ ಕೇಳುವ ಮೊದಲೇ ಜೀಪನ್ನು ಹೊಗೆ ಸಮೇತ ಹೊರಗೆ ತೆಗೆದು, ಉದುರಿದ ಹೊಂಗೆ ಹೂವನ್ನು ತಾವೇ ಗುಡಿಸಿ, ಕಾರಿಗೆ ಜಾಗ ಮಾಡಿಕೊಟ್ಟರು. ದಿನೇಶ್ ಮರದಡಿ ಕುಳಿತು ತಮ್ಮ ಕಾರನ್ನೇ ಬೆರಗಿನಿಂದ ನೋಡಿದರು. ಅಳತೆಯಲ್ಲಿ ತಪ್ಪಿಲ್ಲ, ಆದರೆ ಇಂಥ ಉತ್ತರ ಬರಲು ಸಾಧ್ಯವೇ ಇಲ್ಲ. ಇಂಥದ್ದು ಅವರ ಪ್ರಯೋಗಾಲಯದಲ್ಲಿ ಎಂದೂ ಆಗಿರಲಿಲ್ಲ. ಇಳಿಜಾರಿನ ಹಸಿರು ಬಾಣ ನೆನಪಾಯಿತು. ತಮಗೆ ಗೊತ್ತಿಲ್ಲದ್ದೇನೋ ಈ ಕಾರಿಗೆ ಗೊತ್ತಿರಬಹುದೆ?

ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಅತ್ತೆಯ ಫೋನು ಬಂತು, ಮುಟ್ಟಿದಿರಾ ಎಂದು ಕೇಳಲು. ದೀಪಶ್ರೀ ಸ್ಪೀಕರ್ ಹಾಕಿ, ಗಂಡ ಗೆದ್ದ ಕತೆಯನ್ನು ಸಂಭ್ರಮದಿಂದ ಹೇಳಿದಳು.

"ಗೆಲ್ದೆ ಇದ್ದಾರಾ ಮಗ" ಎಂದರು ಚಿಕ್ಕನಿಂಗಮ್ಮ. "ಅಳಿಯಂದ್ರು ಪೆಟ್ರೋಲು ಪೆಟ್ರೋಲು ಅಂತ ತುತ್ತೇ ನುಂಗ್ನಿಲ್ಲ. ನಂಗೆ ಕರ್ಳು ಚುರುಕ್ ಅಂತು. ಮಗಳಿಗೆ ಮಡ್ಲು ತುಂಬ್ತೀವಿ, ಒತ್ಕಂಡೋಗೋ ಕಾರು ಏನ್ ಪಾಪ ಮಾಡದೆ? ನಿಮ್ ನೀರಿನ್ ಬಾಟ್ಲು ಎರಡು ಕಾರಲ್ಲೇ ಇದ್ದೊ. ನಿನ್ ತಮ್ಮ ಸ್ವಾಮಿ ಕೈಲಿ ಅಂಗ್ಡಿಯಿಂದ ತುಂಬುಸ್ಕ ಬಂದು ಉಯ್ಸ್ದೆ. ಮಲಗಿದ್ರಲ್ಲ, ಆ ಯಜಮಾನ್ರ ಮ್ಯಾಲೆ ಒಂದ್ ತೊಟ್ಟೂ ಬೀಳ್ನಿಲ್ಲ. ಮಡ್ಲಿಗಾಕಿದ್ದ ಆಡ್ಬಾರ್ದು ಅಂತ ಬಾಯ್ ಬಿಡ್ನಿಲ್ಲ."

ದಿನೇಶ್ ಕಣ್ಣುಮುಚ್ಚಿ, ಹೆಂಡತಿಗೆ ಕೇಳುವಂತೆ ಲೆಕ್ಕ ಹಾಕಿದರು. ಒಂದೊಂದು ಲೀಟರಿನ ಎರಡು ಬಾಟಲಿ. ಎರಡಕ್ಕೆ 0.95 ಸೇರಿದರೆ 2.95. ಭಾಗಿಸಿದರೆ 25.22.

"ಹಾಗಾದ್ರೂ ಗೆದ್ರಲ್ಲ ರೀ, ಬಿಡಿ ಅತ್ಲಾಗೆ" ಎಂದಳು ದೀಪಶ್ರೀ. ದಿನೇಶರಿಗೆ ಜೀವ ಬಂದಂತಾಯಿತು. ಪವಾಡ ಹೋದರೆ ಹೋಗಲಿ, ನೆರಳು ಉಳಿಯಿತು.

ಫೋನಿನಲ್ಲಿ ಅತ್ತೆ ಇನ್ನೂ ಹೇಳುತ್ತಿದ್ದರು. "ಅಂಗ್ಡಿಯವ ಬಾಟ್ಲು ಮೇಲಿನ್ ಲೀಟ್ರು ಗೆರೆಗೇ ನಿಲ್ಸಕ್ ಬಂದ್ನಂತೆ. ನಮ್ ಬಾವಂಗೆ ಕಣಯ್ಯ, ಕಂಠಮಟ್ಟ ಉಯ್ಯಿ ಅಂದ್ನಂತೆ ನಮ್ ಸ್ವಾಮಿ."

ಕಂಠಮಟ್ಟ. ಆ ಒಂದು ಮಾತು ರಾತ್ರಿಯೆಲ್ಲ ದಿನೇಶರ ಕಿವಿಯಲ್ಲಿ ನೊಣದಂತೆ ಸುತ್ತಿತು. ಮರುದಿನ ಬೆಳಿಗ್ಗೆ ಕಾಲೇಜಿನ ಪ್ರಯೋಗಾಲಯಕ್ಕೆ ಬಾಟಲಿಗಳನ್ನು ಒಯ್ದು, ಕಂಠಮಟ್ಟ ನೀರು ತುಂಬಿ, ಅಳತೆಯ ಜಾಡಿಗೆ ಸುರಿದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದರು. ಒಂದು ಸಾವಿರದ ನಲವತ್ತು ಮಿಲಿಲೀಟರ್. ಇನ್ನೊಂದೂ ಅಷ್ಟೇ. ಒಟ್ಟು ಪೆಟ್ರೋಲು 3.03 ಲೀಟರ್. ಲೀಟರಿಗೆ 24.55.

ಯಾರೂ ಕೇಳುವವರಿರಲಿಲ್ಲ. ಇಡೀ ಬೀದಿ ಎಪ್ಪತ್ತೆಂಟನ್ನು ನಂಬಿ ನೆಮ್ಮದಿಯಾಗಿತ್ತು. ಜಾಡಿಯನ್ನು ತೊಳೆದು ಕವುಚಿಟ್ಟರೆ ಮುಗಿಯಿತು. ದಿನೇಶ್ ತೊಳೆದು ಕವುಚಿಟ್ಟರು. ಆಮೇಲೆ ನೆಟ್ಟಗೆ ರಂಗರಾಜು ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು.

ರಂಗರಾಜು ಅವರ ಮುಖದ ಮೇಲೆ, ನಿನ್ನೆ ಬಂಕಿನಲ್ಲಿ ಕಂಡದ್ದಕ್ಕಿಂತ ದೊಡ್ಡ ಬೆರಗು ಕಂಡಿತು.

"ಎಂಬತ್ ಮಿಲ್ಲಿಗೆ ಸೋತೆ ಅಂತ ಮನೆಗಂಟ ಬಂದ್ ಏಳ್ತೀರಲ್ಲ ಮೇಷ್ಟ್ರೇ. ನಿನ್ನೆ ಕಾರ್ಗೆ ಕೈ ಮುಗ್ದಿದ್ದು ತೆಪ್ಪಾಯ್ತು. ನಿಮ್ಗೆ ಮುಗೀಬೇಕಾಗಿತ್ತು" ಎಂದು ಎದ್ದುನಿಂತು ಕೈಮುಗಿದರು.

ಮುಗಿದ ಕೈಯನ್ನು ಬಿಡಿಸಿ ಮೊಳೆಯಿಂದ ಜೀಪಿನ ಕೀಲಿ ತೆಗೆದುಕೊಂಡರು.

ಮಧ್ಯಾಹ್ನ ಎರಡು ಗಂಟೆಗೆ ಹೊಂಗೆ ನೆರಳಿನಲ್ಲಿ ಜೀಪು ತಣ್ಣಗೆ ನಿಂತಿತ್ತು. ದಿನೇಶ್ ಪ್ರಯೋಗಾಲಯದಿಂದ ತಂದ ಥರ್ಮಾಮೀಟರನ್ನು ಎದುರು ಬದಿಯ ಬಿಸಿಲಿನಲ್ಲಿದ್ದ ತಮ್ಮ ಕಾರಿನ ಸೀಟಿನ ಮೇಲಿಟ್ಟು, ಬಾಗಿಲು ಹಾಕಿ, ಹತ್ತು ನಿಮಿಷ ಕಾದು ತೆಗೆದು ನೋಡಿದರು. ಐವತ್ತೆಂಟು ಡಿಗ್ರಿ ಸೆಲ್ಸಿಯಸ್.